ಅತ್ತೆಯ ಮಂಡಿ, ರೋಬೋಟಿನ ಕೈ, ಮುದ್ದೆಯ ಪಾತ್ರೆ

"ಡೌಟ್ ಏನಾದ್ರೂ ಇದ್ರೆ ಕೇಳಿ ಅಮ್ಮ, ಸಂಕೋಚ ಪಡ್ಕೋಬೇಡಿ" ಎಂದರು ಡಾಕ್ಟರು.

ಪಾಪ, ಹಾಗೆ ಹೇಳಬಾರದಿತ್ತು.

ಅಷ್ಟು ಹೊತ್ತೂ ಅವರು ನಮ್ಮತ್ತೆಗೆ ಮಂಡಿ ಬದಲಿಸುವ ಆಪರೇಷನ್ ಬಗ್ಗೆ ವಿವರಿಸುತ್ತಿದ್ದರು. ಅದೂ ರೋಬೋಟ್ ನೆರವಿನ ಆಪರೇಷನ್ನು. ರಾಜಾಜಿನಗರದ ಕಡೆಯ ಒಂದು ಆಸ್ಪತ್ರೆ (ಹೆಸರು ಬೇಡ ಬಿಡಿ, ಬರೆದರೆ ನನಗೇನು ಕೊಟ್ಟರು ಅಂತ ನೀವೇ ಮೇಲ್ ಮಾಡುತ್ತೀರಿ). ತಣ್ಣನೆಯ ರೂಮು. ಗೋಡೆಯ ಮೇಲೆ ದೊಡ್ಡ ಸ್ಕ್ರೀನು. ಅದರಲ್ಲಿ ಹಸಿರು, ಕೆಂಪು ಬಣ್ಣದ ಒಂದು ಮಂಡಿ ಗಿರಗಿರನೆ ತಿರುಗುತ್ತಿತ್ತು. ಮೊದಲು ಸ್ಕ್ಯಾನ್ ಮಾಡ್ತೀವಿ, ಕಂಪ್ಯೂಟರಿನಲ್ಲಿ ನಿಮ್ಮ ಮೂಳೆಯದೇ ಒಂದು ಮಾಡೆಲ್ ಬರುತ್ತೆ, ಎಲ್ಲೆಲ್ಲಿ ಎಷ್ಟೆಷ್ಟು ಕೊಯ್ಯಬೇಕು ಅಂತ ಮುಂಚೆಯೇ ಗೆರೆ ಹಾಕ್ಕೋತೀವಿ, ರೋಬೋಟಿನ ಕೈ ಆ ಗೆರೆ ದಾಟೋದೇ ಇಲ್ಲ ಅಂತ ಅವರು ಹೇಳುತ್ತಿದ್ದರೆ ನನ್ನ ಗಂಡ ಸಿನಿಮಾ ನೋಡುವವರ ಹಾಗೆ ಕುರ್ಚಿಯ ತುದಿಗೆ ಬಂದು ಕೂತಿದ್ದರು.

ಅತ್ತೆ ಮೊದಲು ಕೇಳಿದ್ದು, "ಇದು ಯಾರ್ದಪ್ಪ ಮಂಡಿ?"

"ಯಾರದೂ ಅಲ್ಲ ಅಮ್ಮ, ಸ್ಯಾಂಪಲ್."

"ಸರಿ. ಒಂದೇ ಒಂದು ಕೇಳ್ತೀನಿ. ಆಪ್ರೇಸನ್ ಆದ್ಮೇಲೆ ನಾನು ನೆಲದ ಮೇಲೆ ಕೂತ್ಕೊಂಡು ಹಿಟ್ಟು ತೊಳಸ್ಬೋದಾ?"

ಹಿಟ್ಟು ಅಂದರೆ ನಮ್ಮ ಮನೆಯಲ್ಲಿ ರಾಗಿಮುದ್ದೆ. ಡಾಕ್ಟರಿಗೂ ಅದು ಗೊತ್ತಿತ್ತು, ಇದೇ ಊರಿನ ಹುಡುಗ. "ಮುದ್ದೇನಾ ಅಮ್ಮ? ನಂಗೂ ಇಷ್ಟ. ಆದ್ರೆ ಅದನ್ನ ಕೆಳಗೆ ಕೂತು ಯಾಕೆ ಮಾಡ್ಬೇಕು? ಸ್ಟವ್ ಮೇಲೇ ಮಾಡ್ಬೋದಲ್ಲ?"

ಅತ್ತೆ ಆ ಮನುಷ್ಯನನ್ನು ನೋಡಿದ ನೋಟದಲ್ಲಿ ಬರೀ ಕರುಣೆಯಿತ್ತು.

"ನಡೀಬೋದು ಅಮ್ಮ. ಮೆಟ್ಲು ಹತ್ಬೋದು. ದೇವಸ್ಥಾನ ಸುತ್ಬೋದು, ತಿರುಪತಿಗೆ ಹೋಗ್ಬೋದು. ನೆಲದ ಮೇಲೆ ಕೂರೋದೊಂದು ಮಾತ್ರ ಬೇಡ" ಎಂದರು ಡಾಕ್ಟರು.

"ಅಂಗಾದ್ರೆ ಬೇಡ ಬಿಡಪ್ಪ" ಎಂದು ಅತ್ತೆ ಎದ್ದರು. ಅಂದರೆ ಏಳಲು ಶುರು ಮಾಡಿದರು. ಟೇಬಲ್ ಹಿಡಿದು, ನನ್ನ ಭುಜ ಹಿಡಿದು, "ಯಪ್ಪಾ ಶಿವನೇ" ಎಂದು ಪೂರ್ತಿ ಎದ್ದು ನಿಲ್ಲುವಷ್ಟರಲ್ಲಿ ಮುಂದಿನ ಪೇಷಂಟ್ ಬಾಗಿಲು ತೆಗೆದು ಇಣುಕಿ ಹೋಗಿದ್ದರು.

ಕಾರಿನಲ್ಲಿ ನಮ್ಮವರು ಪ್ರತಿ ಸಿಗ್ನಲ್ಲಿನಲ್ಲೂ ಸುಮ್ಮಸುಮ್ಮನೆ ಹಾರ್ನ್ ಹೊಡೆದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ನಮ್ಮವರದು ಪೀಣ್ಯದಲ್ಲಿ ಸಣ್ಣದೊಂದು ಮೆಷಿನ್ ಶಾಪ್. ದಿನವಿಡೀ ಕಬ್ಬಿಣವನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೊರೆಸುವ ಕೆಲಸ. ಅಂಥವರಿಗೆ ಹೆತ್ತ ತಾಯಿಯ ಮಂಡಿಯನ್ನೂ ಅದೇ ರೀತಿ ಮಾಡಿಸಬಹುದು ಅಂತ ಗೊತ್ತಾದ ಮೇಲೆ ಕೇಳಬೇಕೇ? ತಿಂಗಳುಗಟ್ಟಲೆ ವಿಡಿಯೋ ನೋಡಿದ್ದರು. ಊಟದ ಹೊತ್ತಿನಲ್ಲಿ ಮೂಳೆ ಕೊಯ್ಯುವ ವಿಡಿಯೋ ಹಾಕಿ ಮಗಳ ಕೈಲಿ ಬೈಸಿಕೊಂಡಿದ್ದರು. ಸಂಬಂಧಿಕರ ವಾಟ್ಸ್ಯಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವಿನ ಬದಲು ರೋಬೋಟಿನ ಫೋಟೋ ಬರುತ್ತಿತ್ತು. ಆ ಡಾಕ್ಟರಿಗೂ ರೋಬೋಟ್ ಬಗ್ಗೆ ಇಷ್ಟು ಪ್ರೀತಿ ಇರಲಿಕ್ಕಿಲ್ಲ.

ಅತ್ತೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಹೆಸರು ಹೊನ್ನಮ್ಮ. ಅನ್ನಪೂರ್ಣೇಶ್ವರಿ ನಗರದಲ್ಲಿ ಈಗ ನಮ್ಮ ಮೂರಂತಸ್ತಿನ ಮನೆ ನಿಂತಿದೆಯಲ್ಲ, ಅತ್ತೆ ಮದುವೆಯಾಗಿ ಬಂದಾಗ ಅದು ರಾಗಿ ಹೊಲ. ನಾಟಿ ಮಾಡಿದ್ದೂ ಅವರೇ, ಕೊಯ್ದಿದ್ದೂ ಅವರೇ. ಈಗ ರಾಗಿಯನ್ನು ಅಂಗಡಿಯಿಂದ ತಂದು ಚಂದ್ರಾ ಲೇಔಟಿನ ಮಿಲ್ಲಿನಲ್ಲಿ ಬೀಸಿಸುತ್ತೇವೆ. ಆದರೆ ಮುದ್ದೆ ಮಾತ್ರ ಅಂದಿನ ಹಾಗೇ ಆಗಬೇಕು. ಸ್ಟವ್ ಮೇಲೆ ನೀರು ಕುದಿಸಿ, ಹಿಟ್ಟು ಸುರಿದು ಬೇಯಿಸಿ, ಪಾತ್ರೆಯನ್ನು ನೆಲಕ್ಕಿಳಿಸಬೇಕು. ಅಡುಗೆಮನೆಯ ನೆಲದ ಮೇಲೆ ಮಣೆ ಹಾಕಿ ಕೂತು, ಪಾತ್ರೆಗೆ ಕವೆಗೋಲು ಸಿಕ್ಕಿಸಿ, ಅದರ ಎರಡು ತುದಿಗಳನ್ನು ಎರಡು ಪಾದಗಳಿಂದ ಅದುಮಿ ಹಿಡಿಯಬೇಕು. ಆಮೇಲೆ ಎರಡೂ ಕೈಯಲ್ಲಿ ಕೋಲು ಹಿಡಿದು ತೊಳಸಬೇಕು. ಕಾಲು ಪಾತ್ರೆ ಹಿಡಿಯುತ್ತದೆ, ಕೈ ಹಿಟ್ಟು ತಿರುವುತ್ತದೆ. ಒಂದು ಗಂಟೂ ಇರಬಾರದು.

ನಾನು ಈ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಗುತ್ತಾ ಬಂತು. ಅಡುಗೆಮನೆಯಲ್ಲಿ ನನಗೆ ಎಲ್ಲದಕ್ಕೂ ಪರ್ಮಿಷನ್ ಇದೆ. ಸಾರು ಮಾಡಬಹುದು, ಹಬ್ಬದ ಹೋಳಿಗೆ ತಟ್ಟಬಹುದು, ಮೈಕ್ರೋವೇವ್ ತರಿಸಬಹುದು. ಮುದ್ದೆಯ ಕೋಲನ್ನು ಮಾತ್ರ ಮುಟ್ಟುವ ಹಾಗಿಲ್ಲ. ಹೊಸದರಲ್ಲಿ ಒಮ್ಮೆ ಮುಟ್ಟಿದ್ದೆ. "ಬಿಡವ್ವ, ನಿಂಗ್ಯಾಕೆ ಕಷ್ಟ" ಎಂದು ಕಸಿದುಕೊಂಡರು. ಅದು ನನ್ನ ಮೇಲಿನ ಪ್ರೀತಿ ಅಂದುಕೊಂಡು ಎಷ್ಟೋ ವರ್ಷ ಖುಷಿಯಾಗಿದ್ದೆ.

ಇರಲಿ. ಅತ್ತೆ ಆಪರೇಷನ್ ಬೇಡ ಅಂದ ಸುದ್ದಿ ಸಂಜೆಯೊಳಗೆ ಕೆಂಗೇರಿಯವರೆಗೂ ಹೋಯಿತು. ನಮ್ಮ ಪಶ್ಚಿಮ ಬೆಂಗಳೂರಿನ ವಿಷಯ ನಿಮಗೆ ಗೊತ್ತಲ್ಲ. ಮೊದಲೆಲ್ಲ ಇಬ್ಬರು ಆಂಟಿಯರು ಸಿಕ್ಕರೆ ಕಾವೇರಿ ನೀರು ಯಾವ ದಿನ ಬಿಡ್ತಾರೆ ಅಂತ ಮಾತು ಶುರುವಾಗುತ್ತಿತ್ತು. ಈಗ ಪಾರ್ಕಿನಲ್ಲಿ, ಛತ್ರದಲ್ಲಿ, ತರಕಾರಿ ಗಾಡಿಯ ಮುಂದೆ ಒಂದೇ ಪ್ರಶ್ನೆ. "ಒಂದೇ ಮಂಡಿ ಮಾಡಿಸಿದ್ರಾ, ಎರಡೂ ಒಟ್ಟಿಗೆ ಮಾಡಿಸಿಬಿಟ್ರಾ?" ಮಾಡಿಸಿಕೊಂಡವರು ಸೀರೆ ಚೂರು ಎತ್ತಿ ಹೊಲಿಗೆಯ ಗುರುತು ತೋರಿಸುತ್ತಾರೆ. ಮಾಡಿಸಿಕೊಳ್ಳದವರು ಬಗ್ಗಿ ನೋಡಿ "ಪರವಾಗಿಲ್ಲ, ನೀಟಾಗಿ ಹಾಕಿದಾರೆ" ಅನ್ನುತ್ತಾರೆ, ಬ್ಲೌಸ್ ನೋಡಿ ಟೈಲರನ್ನು ಹೊಗಳಿದಂತೆ.

ಮನೆಯಲ್ಲಿ ತಾಯಿ ಮಗನ ನಡುವೆ ದಿನಾ ಚರ್ಚೆ.

"ಅಲ್ಲ ಕಣೋ ರಂಗ, ಡಾಕ್ಟ್ರಿಗಾದ್ರೆ ಕೈಗುಣ ಅಂತ ಇರುತ್ತೆ. ಮಿಸನ್ನಿಗೆ ಏನಿರುತ್ತೆ?"

"ಪ್ರಿಸಿಷನ್ ಇರುತ್ತಮ್ಮ."

"ಅಂಗಂದ್ರೆ?"

"ಕೈ ನಡುಗಲ್ಲ."

"ಕೈ ನಡುಗ್ದೇ ಇರೋದೂ ಒಂದು ಗುಣಾನೇನೋ? ನಿಮ್ಮಪ್ಪಂಗೆ ಕೈ ನಡುಗ್ತಿತ್ತು. ಆದ್ರೂ ಅವ್ರು ನೆಟ್ಟ ಗಿಡ ಒಂದೂ ಒಣಗ್ಲಿಲ್ಲ."

ನಮ್ಮವರು ಆಸ್ಪತ್ರೆಯಿಂದ ತಂದಿದ್ದ ಬ್ರೋಶರ್ ಬಿಚ್ಚಿದರು. ಅದರಲ್ಲಿ ಬಿಳಿ ತಲೆಗೂದಲಿನ ಗಂಡ ಹೆಂಡತಿ ಸಮುದ್ರದ ದಂಡೆಯ ಮೇಲೆ ಕೈ ಕೈ ಹಿಡಿದು ಓಡುತ್ತಿದ್ದರು. "ನೋಡಮ್ಮ, ಹೀಗೆ ಓಡಾಡ್ಬೋದು." ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಇವ್ರಿಗೆ ಮನೇಲಿ ಕೆಲ್ಸ ಇಲ್ವಾ?" ಎಂದು ಕೇಳಿ ವಾಪಸ್ ಕೊಟ್ಟರು.

ನಾವೆಲ್ಲ ನಕ್ಕೆವು. ಹಟಮಾರಿ ಮುದುಕಿ ಅಂತ ತೀರ್ಮಾನವಾಯಿತು. ನಿಜ ಹೇಳುತ್ತೇನೆ, ನಾನೂ ಹಾಗೇ ಅಂದುಕೊಂಡೆ. ಯಾರಾದರೂ ಒಂದು ಹಿಟ್ಟಿನ ಮುದ್ದೆಗೋಸ್ಕರ ನಡೆಯುವ ಕಾಲನ್ನು ಬೇಡ ಅನ್ನುತ್ತಾರಾ?

ಈ ಗಲಾಟೆಯ ಮಧ್ಯೆ ನಮ್ಮ ಫ್ರಿಜ್ಜಿನ ಹಿಡಿಕೆ ಕಿತ್ತುಬಂತು. ಅದೇ ವರ್ಷ ಅದು ಎರಡನೆಯ ಸಲ. ರಿಪೇರಿಯವನು ಬಂದು ನೋಡಿ, "ಮೇಡಂ, ಇದನ್ನ ಹಿಡ್ಕೊಂಡು ಯಾರಾದ್ರೂ ಜೋತಾಡ್ತಾರಾ?" ಎಂದು ಕೇಳಿದ. ನನಗೆ ರೇಗಿತು. ನಮ್ಮ ಮನೆಯಲ್ಲಿ ಕೋತಿಗಳಿಲ್ಲಪ್ಪ ಎಂದೆ. ಆಮೇಲೆ ಮಗಳನ್ನು ಕರೆದು, ಐಸ್‌ಕ್ರೀಮ್ ಸಿಕ್ಕದಿದ್ದರೆ ಬಾಗಿಲ ಮೇಲೆ ಸಿಟ್ಟು ತೀರಿಸಬೇಡ ಎಂದು ಬೈದೆ. ಅವಳು "ನಾನು ಮುಟ್ಟೇ ಇಲ್ಲಮ್ಮ" ಎಂದು ಮುಖ ಊದಿಸಿಕೊಂಡು ಹೋದಳು. ಅತ್ತೆ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

ನಮ್ಮ ಮನೆಯಲ್ಲಿ ಮುದ್ದೆ ಸಂಜೆಗೆ. ಸೀರಿಯಲ್ಲು ಶುರುವಾಗುವ ಮುಂಚೆ ತಟ್ಟೆಗೆ ಬಿದ್ದಿರಬೇಕು. ಅತ್ತೆ ಅಡುಗೆಮನೆಯಲ್ಲಿ ಕೂತು ಮುದ್ದೆ ಕಟ್ಟಿ ಒಂದೊಂದೇ ತಟ್ಟೆಗೆ ಹಾಕುತ್ತಾರೆ, ಮಗಳು ಟಿವಿ ಇರುವ ಹಾಲಿಗೆ ಸಾಗಿಸುತ್ತಾಳೆ. ಕೊನೆಯಲ್ಲಿ ಅತ್ತೆಯದು ಒಂದೇ ಮಾತು. "ನೀವು ಉಣ್ಣಿ. ನಾನು ಚೂರು ಸುಧಾರಿಸ್ಕೊಂಡು ಬರ್ತೀನಿ." ನಾವು ಟಿವಿ ನೋಡುತ್ತಾ ಉಣ್ಣುತ್ತೇವೆ. ಸ್ವಲ್ಪ ಹೊತ್ತಿಗೆ ಅವರೂ ಬಂದು ಕುರ್ಚಿಯ ಮೇಲೆ ಕೂರುತ್ತಾರೆ. ಎಷ್ಟೋ ವರ್ಷದಿಂದ ನಡೆದು ಬಂದ ಕ್ರಮ ಅದು, ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ಅವತ್ತು ಭಾನುವಾರ. ಸೊಪ್ಪಿನ ಸಾರಿಗೆ ತುಪ್ಪ ಬೇಕು ಅನ್ನಿಸಿತು. ತಟ್ಟೆ ಬಿಟ್ಟು ಎದ್ದು ಅಡುಗೆಮನೆಗೆ ಹೋದೆ.

ಅತ್ತೆ ನೆಲದ ಮೇಲಿದ್ದರು. ಒಂದು ಕೈಯಲ್ಲಿ ಫ್ರಿಜ್ಜಿನ ಹಿಡಿಕೆ, ಇನ್ನೊಂದು ಕೈ ಗೋಡೆಗೆ. ಅರ್ಧ ಎದ್ದಿದ್ದರು. ತುಟಿ ಕಚ್ಚಿಕೊಂಡು, ಕಣ್ಣು ಮುಚ್ಚಿಕೊಂಡಿದ್ದರು. ನಾನು ನೋಡುತ್ತಿದ್ದ ಹಾಗೇ ಕೈ ಜಾರಿ ಧೊಪ್ಪನೆ ಮಣೆಯ ಮೇಲೆ ಕೂತರು. ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ಹಾಲಿನಲ್ಲಿ ಮಗ, ಮೊಮ್ಮಗಳು ಸೀರಿಯಲ್ಲಿನ ಅತ್ತೆಗೆ ಬೈಯುತ್ತಾ ಉಣ್ಣುತ್ತಿದ್ದರು.

ನಾನು ಓಡಿ ಹೋಗಿ ಕಂಕುಳಿಗೆ ಕೈ ಕೊಟ್ಟೆ. ಅವರ ಭಾರಕ್ಕೆ ನಾನೂ ಪಕ್ಕದಲ್ಲೇ ಕುಕ್ಕರಿಸಿದೆ. ಈಗ ಇಬ್ಬರೂ ನೆಲದ ಮೇಲೆ.

"ರಂಗಂಗೆ ಹೇಳ್ಬೇಡ ಕಣವ್ವ" ಎಂದರು ಮೊದಲು.

"ಎಷ್ಟು ದಿನದಿಂದ ಹೀಗೆ ಅತ್ತೆ?"

"ಕೂರೋಕೆ ಆಗ್ತೈತೆ. ಏಳೋಕೆ ಆಗಲ್ಲ."

"ಮತ್ತೆ ಆಪರೇಷನ್ ಯಾಕೆ ಬೇಡ ಅಂತೀರಿ? ಈ ಹಿಂಸೆ ಯಾಕೆ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಮೇಲಿನ ಮನೆಯೋರ ಬಾಡ್ಗೆ ರಂಗನ್ ಫೋನಿಗೇ ಬೀಳುತ್ತೆ. ನಂಗೆ ಕೊಡೋರಿಲ್ಲ. ಹೂವು ಆ ಆಪಲ್ಲಿ ಬರುತ್ತೆ. ರಂಗೋಲಿ ಸ್ಟಿಕ್ಕರ್ರು. ಸಾರು ನೀನೇ ಚೆಂದಾಗಿ ಮಾಡ್ತೀಯ. ಸಂಜೆ ಆದ್ರೆ ಈ ಮನೇಲಿ 'ಅಜ್ಜೀ, ಹಿಟ್ಟು ಆಯ್ತಾ' ಅಂತ ಒಂದು ಕೂಗು ಬರುತ್ತೆ. ಅದೊಂದೇ ಕಣೇ ನಂಗೆ ಉಳ್ದಿರೋದು. ಕೋಲು ಕೆಳಗಿಟ್ಟ ದಿನ ನನ್ನ ಕೇಳೋರ್ಯಾರು? ಕಾಲು ಕೊಡ್ತೀನಿ ಕಾಲು ಕೊಡ್ತೀನಿ ಅಂತಾನೆ ಆ ಡಾಕ್ಟ್ರು. ತಗೊಂಡು ಎಲ್ಲಿಗೋಗ್ಲಿ?"

ನಾನು ತುಪ್ಪಕ್ಕೆಂದು ಬಂದದ್ದು ಮರೆತೇ ಹೋಗಿತ್ತು.

ನೋಡಿ, ಈಗಿನ ಮೆಷಿನ್ನುಗಳು ಭಾರಿ ಬುದ್ಧಿವಂತವೇ ಇರಬೇಕು. ಮೂಳೆಯ ಪ್ರತಿ ಏರುತಗ್ಗನ್ನೂ ಅಳೆದು ತೋರಿಸುತ್ತವೆ. ಅದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಆದರೆ ಆ ಮಂಡಿ ಇಟ್ಟುಕೊಂಡು ಆ ಹೆಂಗಸು ದಿನಾ ಏನು ಮಾಡುತ್ತಾಳೆ ಅಂತ ಮನೆಯವರು ಅಳೆದಿದ್ದೆವಾ? ಮಗನಿಗೆ ಪ್ರಿಸಿಷನ್ ಚಿಂತೆ. ನನಗೆ ಫ್ರಿಜ್ಜಿನ ಚಿಂತೆ. ನಡೀಬಹುದು, ತಿರುಗಾಡಬಹುದು ಅಂತ ಎಲ್ಲರೂ ಆಸೆ ತೋರಿಸಿದೆವು. ಅವರಿಗೆ ತಿರುಗಾಡುವ ಆಸೆ ಇದೆಯಾ ಅಂತ ಕೇಳಲಿಲ್ಲ. ನಮಗೆ ವಯಸ್ಸಾದವರೆಂದರೆ ತೀರ್ಥಯಾತ್ರೆಗೆ ಕಾಯುತ್ತಿರುವವರು ಅಂತ ಒಂದು ನಂಬಿಕೆ ಇದೆ, ಅದು ಎಲ್ಲಿಂದ ಬಂತೋ ಕಾಣೆ.

ಮರುದಿನ ನಮ್ಮವರು ಫ್ಯಾಕ್ಟರಿಗೆ ಹೋದ ಮೇಲೆ ನಾನೂ ಅತ್ತೆಯೂ ಆಟೋ ಹತ್ತಿ ಮತ್ತೆ ಆಸ್ಪತ್ರೆಗೆ ಹೋದೆವು. "ಬರೀ ಮಾತಾಡಿಕೊಂಡು ಬರೋಣ" ಅಂತ ಒಪ್ಪಿಸಿದ್ದೆ. ಡಾಕ್ಟರಿಗೆ ಎಲ್ಲ ಹೇಳಿದೆ, ಫ್ರಿಜ್ಜಿನ ಹಿಡಿಕೆಯನ್ನೂ ಸೇರಿಸಿ. ಈ ಸಲ ಅವರು ಸ್ಕ್ರೀನ್ ಆನ್ ಮಾಡಲಿಲ್ಲ. ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಸುಳ್ಳು ಹೇಳಲ್ಲ ಅಮ್ಮ. ಹೊಸ ಮಂಡಿ ಹಾಕಿದ್ಮೇಲೆ ನೆಲದ ಮೇಲೆ ಕೂತು, ಕಾಲಲ್ಲಿ ಪಾತ್ರೆ ಅದುಮೋದು ನಾನು ಬೇಡ ಅಂತೀನಿ. ಆದ್ರೆ ನಿಂತ್ಕೊಂಡು ಮಾಡಿ. ನೋವಿಲ್ದೆ ನಿಲ್ಲೋ ಹಾಗೆ ಮಾಡಿಕೊಡೋಕೆ ನಾನು ಟ್ರೈ ಮಾಡ್ತೀನಿ."

ಅತ್ತೆ ನಿಂತುಕೊಂಡು ಮುದ್ದೆ ತೊಳಸುವುದನ್ನು ಮನಸ್ಸಿನಲ್ಲೇ ಮಾಡಿ ನೋಡುತ್ತಿದ್ದರು ಅಂತ ಕಾಣುತ್ತದೆ, ಕೈ ಸಣ್ಣಗೆ ಆಡುತ್ತಿತ್ತು.

"ಕೆಳಗೆ ಕೂತ್ರೆ ಕಾಲೇ ಪಾತ್ರೆ ಹಿಡ್ಕಂತದೆ" ಎಂದರು. "ನಿಂತ್ಕಂಡ್ರೆ ಪಾತ್ರೆ ಹಿಡಿಯೋರ್ಯಾರು?"

ಡಾಕ್ಟರು ನನ್ನ ಮುಖ ನೋಡಿದರು. "ಮನೇಲಿ ಯಾರಾದ್ರೂ..."

"ನಿಮ್ಮ ಮಿಸನ್ನಿಗೆ ಕೈ ಐತಲ್ಲ, ನಡುಗಲ್ಲ ಅಂತಾನೆ ನನ್ ಮಗ. ಸಂಜೆ ಹೊತ್ತು ಅದನ್ನ ಕಳಿಸ್ಕೊಡ್ತೀರಾ?"

ಡಾಕ್ಟರು ಮನಸಾರೆ ನಕ್ಕರು. ಅತ್ತೆ ನಗಲಿಲ್ಲ. ಅವರು ನಿಜವಾಗಿಯೇ ಕೇಳಿದ್ದರು.

ಸಂಜೆ ಮನೆಯಲ್ಲಿ ಮೀಟಿಂಗು. ಹೇಳ್ಬೇಡ ಅಂದಿದ್ದ ಅತ್ತೆಯ ಮಾತು ಮೀರಿ ನಾನು ಎಲ್ಲರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಮ್ಮವರು ತಲೆ ತಗ್ಗಿಸಿ ಕೂತರು. ಮಗಳು ಅಜ್ಜಿಯ ಪಕ್ಕ ಹೋಗಿ ಅವರ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಟಿವಿ ಕೂಡ ಆಫ್ ಆಗಿತ್ತು (ನಮ್ಮ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ).

ಆಮೇಲೆ ನಮ್ಮವರ ಒಳಗಿನ ಎಂಜಿನಿಯರ್ ಎಚ್ಚರಗೊಂಡ. "ಸಿಂಪಲ್ ಅಮ್ಮ! ಗ್ರಾನೈಟಿಗೆ ಒಂದು ಕ್ಲ್ಯಾಂಪ್ ಕೂರಿಸೋಣ. ಫ್ಯಾಕ್ಟ್ರೀಲೇ ಮಾಡಿಸ್ತೀನಿ. ಸ್ಟೇನ್‌ಲೆಸ್ ಸ್ಟೀಲು. ಆನೆ ಬಂದ್ರೂ ಪಾತ್ರೆ ಅಲ್ಲಾಡಲ್ಲ."

"ಹಿಟ್ಟು ಗಟ್ಟಿ ಆಗ್ತಿದ್ದಂಗೆ ಪಾತ್ರೇನ ಚೂರ್ ಚೂರೇ ತಿರುಗಿಸ್ಬೇಕು. ನಿನ್ ಕ್ಲ್ಯಾಂಪಿಗೆ ಅದು ಗೊತ್ತಾಗುತ್ತಾ?"

"ಮುದ್ದೆ ಮಾಡೋ ಎಲೆಕ್ಟ್ರಿಕ್ ಮೆಷಿನ್ನೇ ಸಿಗುತ್ತೆ ಅಜ್ಜಿ" ಎಂದು ಮಗಳು ಫೋನ್ ತೆಗೆದಳು. ಅಜ್ಜಿಯ ಮುಖ ನೋಡಿ ಮತ್ತೆ ಒಳಗಿಟ್ಟಳು.

ಈಗ ಏನಾಯಿತು ಗೊತ್ತೇ? ತಂದೆ ಮಗಳು ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು.

ಈ ತಿರುಗುವಿಕೆ ನನಗೆ ಚೆನ್ನಾಗಿ ಗೊತ್ತು, ನನ್ನ ಓದುಗ ಗೆಳತಿಯರಿಗೂ ಗೊತ್ತಿರುತ್ತದೆ. ಮನೆಯಲ್ಲಿ ಯಾವುದೇ ಕೆಲಸಕ್ಕೆ ವಾರಸುದಾರರು ಇಲ್ಲದಿದ್ದಾಗ ಎಲ್ಲ ಕುತ್ತಿಗೆಗಳೂ ಒಂದೇ ಕಡೆಗೆ ತಿರುಗುತ್ತವೆ. "ಇವಳು ಹೇಗೂ ಮನೇಲೇ ಇರ್ತಾಳಲ್ಲ" ಎಂದರು ನಮ್ಮವರು. (ಮನೆಯಲ್ಲೇ ಇರುತ್ತೇನೆ, ಹೌದು. ಈ ಅಂಕಣವನ್ನು ಯಾರೋ ಬಂದು ಬರೆದುಕೊಟ್ಟು ಹೋಗುತ್ತಾರೆ.) ನಾನು ಹೂಂ ಅನ್ನಲು ಬಾಯಿ ತೆರೆದೂ ಆಗಿತ್ತು. ಅಷ್ಟು ಅಭ್ಯಾಸ.

"ಅವ್ಳಲ್ಲ" ಎಂದರು ಅತ್ತೆ.

ಎಲ್ಲರೂ ಅವರ ಕಡೆ ತಿರುಗಿದೆವು.

"ಅವ್ಳು ಈ ಮನೇಲಿ ಹಿಡೀಬೇಕಾದ್ದೆಲ್ಲಾ ಹಿಡ್ದಾಗೈತೆ. ಮಾವನ್ನ ಹಿಡ್ದಳು ಕೊನೆಗಾಲದಲ್ಲಿ, ನನ್ನ ಹಿಡ್ದಳು, ಮಗೀನ ಹಿಡ್ದಳು. ಪಾತ್ರೆ ನೀನು ಹಿಡ್ಕಳೋ ರಂಗ."

"ನಾನಾ?" ಎಂದರು ನಮ್ಮವರು. ಅವರ ದನಿ ಕೇಳಿದ್ದರೆ, ಮಂಡಿ ಆಪರೇಷನ್ನು ಅವರಿಗೇ ಅಂತ ನೀವು ಅಂದುಕೊಳ್ಳುತ್ತಿದ್ದಿರಿ. "ಅಮ್ಮ, ನಂಗೆ ಸಂಜೆ ಫ್ಯಾಕ್ಟ್ರೀಲಿ ಡಿಸ್ಪ್ಯಾಚು. ಟ್ರಾಫಿಕ್ಕು. ಲಗ್ಗೆರೆ ದಾಟೋದ್ರಲ್ಲೇ ಹೊತ್ತಾಗೋಗುತ್ತೆ."

"ಅಂಗಾದ್ರೆ ಆಪ್ರೇಸನ್ನೂ ಬೇಡ. ನಂಗೆ ಫ್ರಿಜ್ಜೇ ಸಾಕು."

ನನಗೆ ಒಳಗಿಂದ ಏನೋ ಉಕ್ಕಿ ಬಂತು. ಮೂವತ್ತು ವರ್ಷದಲ್ಲಿ ಅತ್ತೆ ನನ್ನ ಬಗ್ಗೆ ನಾಲ್ಕು ಜನರ ಮುಂದೆ ಇಂಥ ಮಾತು ಆಡಿದ್ದಿಲ್ಲ. ಕಣ್ಣು ಒದ್ದೆಯಾದದ್ದು ಕಾಣಬಾರದೆಂದು ಎದ್ದು ಹೋಗಿ ಸುಮ್ಮನೆ ಫ್ರಿಜ್ ಬಾಗಿಲು ತೆಗೆದು ನಿಂತೆ. ಅದರ ಹೊಸ ಹಿಡಿಕೆ ಆಗಲೇ ಸಡಿಲವಾಗಿತ್ತು.

ಅರ್ಧ ಗಂಟೆ ಚೌಕಾಸಿ ನಡೆಯಿತು. ವಾರಕ್ಕೊಮ್ಮೆ ಹಿಡಿಯುತ್ತೇನೆ ಅಂದರು, ಆಗಲಿಲ್ಲ. ಹಬ್ಬ ಹರಿದಿನ ಹಿಡಿಯುತ್ತೇನೆ ಅಂದರು, ಅತ್ತೆ ಗೋಡೆ ನೋಡಿದರು. ಕೊನೆಗೆ ನಮ್ಮವರು ಸೋತು, ದಿನಾ ಸಂಜೆ ಬಂದು ಹಿಡಿಯುತ್ತೇನೆ ಎಂದು ತಾಯಿಯ ಕೈಗೆ ಕೈ ಹಾಕಿದರು. ಸಾಕ್ಷಿಗೆ ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

ಆಪರೇಷನ್ ದಿನ ಬಂತು. ಮೊದಲು ಎಡ ಮಂಡಿ, ಅದೇ ಜಾಸ್ತಿ ಕೆಟ್ಟಿತ್ತು. ಒಳಗೆ ಕರೆದುಕೊಂಡು ಹೋಗುವ ಮುಂಚೆ ಡಾಕ್ಟರು ಬಂದು ಮಾತಾಡಿಸಿದರು. ಅತ್ತೆ ಹಸಿರು ಗೌನಿನಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ದರು. ಬಳೆ ಇಲ್ಲದ ಆ ಕೈ ನೋಡಿದರೆ ಅವರು ಬೇರೆ ಯಾರೋ ಅನ್ನಿಸುತ್ತಿತ್ತು. ನನಗೆ ಭಯವಾಗಿತ್ತು, ನಿಜ. ನಮ್ಮವರು ರೋಬೋಟ್ ಬಗ್ಗೆ ಇಷ್ಟು ದಿನ ಕಲಿತದ್ದೆಲ್ಲ ಮರೆತು ಕಾರಿಡಾರಿನಲ್ಲಿದ್ದ ಗಣಪತಿಗೆ ಕೈ ಮುಗಿಯುತ್ತಿದ್ದರು.

"ಎಲ್ಲಿ, ಕೈ ಕೊಡಪ್ಪ" ಎಂದರು ಅತ್ತೆ ಡಾಕ್ಟರಿಗೆ. ಅವರು ಕೊಟ್ಟರು. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮಿಸನ್ನು ಏನಾದ್ರೂ ಮಾಡ್ಕಳ್ಲಿ. ನಿನ್ ಕೈ ಅದ್ರ ಮೇಲಿರ್ಲಿ."

"ಇರುತ್ತಮ್ಮ. ಅದು ತಾನಾಗೇ ಏನೂ ಮಾಡಲ್ಲ, ಹಿಡ್ಕೊಂಡು ನಡೆಸೋನು ನಾನೇ. ನಾನು ಬಿಟ್ರೆ ಅದು ನಿಂತೋಗುತ್ತೆ."

"ಅಷ್ಟು ಸಾಕು" ಎಂದರು ಅತ್ತೆ. ಕೈಗುಣದ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು. ಇದೊಂದು ಮಾತನ್ನು ನಮ್ಮವರು ಮೊದಲೇ ಹೇಳಿದ್ದರೆ ಎಷ್ಟೊಂದು ವಾಟ್ಸ್ಯಾಪ್ ವಿಡಿಯೋ ಉಳಿಯುತ್ತಿತ್ತು.

ಎಲ್ಲ ಸರಿಯಾಗಿಯೇ ಆಯಿತು. ಮರುದಿನ ಫಿಸಿಯೋಥೆರಪಿ ಹುಡುಗಿ ಬಂದು ವಾಕರ್ ಕೊಟ್ಟು ನಿಲ್ಲಿಸಿದಳು. ಅತ್ತೆ ಅವಳ ಇಡೀ ವಂಶವನ್ನು ನೆನೆದರು. ಆಮೇಲೆ ಎರಡು ಹೆಜ್ಜೆ ಇಟ್ಟು, "ಅರೆ!" ಎಂದರು. ಆ "ಅರೆ" ಕೇಳಿ ನಮ್ಮವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಬ್ರೋಶರಿನಲ್ಲಿ ಸಮುದ್ರದ ದಂಡೆ ಇರುತ್ತದೆ, ಅದರ ಹಿಂದಿನ ವಾರಗಳು ಇರುವುದಿಲ್ಲ. ಕಾಲು ಮಡಿಸು, ಚಾಚು, ಮತ್ತೆ ಮಡಿಸು. ಐಸ್ ಪ್ಯಾಕು. ನಿದ್ದೆಯಿಲ್ಲ. "ಯಾಕಾದ್ರೂ ಮಾಡಿಸ್ಕೊಂಡ್ನೋ" ಅಂತ ಅಳು. ರೋಬೋಟ್ ಬಂದು ಹೋದ ಮೇಲೆ ಉಳಿದದ್ದೆಲ್ಲ ಹಳೆಯ ಕಾಲದ ಕೆಲಸವೇ, ಬೆವರು ಹರಿಸಿಯೇ ಮಾಡಬೇಕು. ಆ ವಾರಗಳಲ್ಲಿ ಮುದ್ದೆ ನಾನು ಮಾಡಿದೆ. ಅತ್ತೆ ಮಂಚದ ಮೇಲೆ ಕೂತು ಒಂದು ತುತ್ತು ಮುರಿದು, ನುಂಗಿ, "ಪರ್ವಾಗಿಲ್ಲ" ಎಂದರು. ನಮ್ಮ ಮನೆಯಲ್ಲಿ ಪರವಾಗಿಲ್ಲ ಅಂದರೆ ನಾಳೆಯಿಂದ ಚಪಾತಿ ಮಾಡು ಅಂತ. 

ಕೊನೆಗೊಂದು ಸಂಜೆ ಅತ್ತೆ ವಾಕರ್ ಬದಿಗಿಟ್ಟು ಅಡುಗೆಮನೆಗೆ ಬಂದರು. ಸೊಂಟಕ್ಕೆ ಸೆರಗು ಸಿಕ್ಕಿಸಿ ಕಟ್ಟೆಗೆ ಒರಗಿ ನಿಂತರು. ನಮ್ಮವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಫೋನ್ ಮಾಡಿದರು. "ಬರ್ಲಿ, ಎಸರು ಈಗಿಟ್ಟಿದೀನಿ" ಎಂದರು ಅತ್ತೆ. ಬೇರೆ ದಾರಿ ಹಿಡಿದು ಬಂದರೋ ಹಾರಿ ಬಂದರೋ, ನೀರು ಕುದಿಯುವಷ್ಟರಲ್ಲಿ ನಮ್ಮವರು ಹಾಜರಿದ್ದರು.

ಇಕ್ಕಳ ಕೈಗೆ ಬಂತು. ಮಿಲಿಮೀಟರಿನ ಸಾವಿರ ಭಾಗ ಮಾಡುವ ಮನುಷ್ಯ, ಒಂದು ಅಲ್ಯೂಮಿನಿಯಂ ಪಾತ್ರೆಯನ್ನು ಅಲ್ಲಾಡದಂತೆ ಹಿಡಿಯಲಾರದೆ ಒದ್ದಾಡಿದ ದೃಶ್ಯವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಅತ್ತೆ ಕೋಲು ಬಲಕ್ಕೆ ತಿರುವಿದರೆ ಪಾತ್ರೆ ಬಲಕ್ಕೆ, ಎಡಕ್ಕೆ ತಿರುವಿದರೆ ಎಡಕ್ಕೆ. ನಮ್ಮವರು ಪಾತ್ರೆಯ ಜೊತೆಗೇ.

"ಗಟ್ಟಿಯಾಗ್ ಹಿಡ್ಕಳೋ! ಉಣ್ಣಲ್ವಾ ನೀನು?"

"ಹಬೆ ಹೊಡೀತಾ ಇದೆ ಅಮ್ಮ!"

"ನಂಗೆ ಐವತ್ತು ವರ್ಷ ಹೊಡೀತು. ಹಿಡ್ಕ."

ಆವತ್ತಿನ ಮುದ್ದೆಯಲ್ಲಿ ಗಂಟುಗಳಿದ್ದವು. ಹಿಡಿದವರ ತಪ್ಪು ಅಂತ ತೀರ್ಪಾಯಿತು. ಆದರೂ ಎಲ್ಲರೂ ಡೈನಿಂಗ್ ಟೇಬಲ್ಲಿಗೆ ಒಟ್ಟಿಗೇ ಕೂತೆವು, ಅತ್ತೆಯೂ ನಮ್ಮ ಜೊತೆಗೇ ಬಂದು ಕೂತರು. ಸುಧಾರಿಸ್ಕೊಂಡು ಬರ್ತೀನಿ ಅನ್ನಲಿಲ್ಲ. ಮುದ್ದೆ ಬಿಸಿ ಬಿಸಿಯಾಗಿರುವಾಗಲೇ ಅವರು ಉಂಡದ್ದನ್ನು ನಾನು ಎಷ್ಟೋ ಕಾಲದ ಮೇಲೆ ನೋಡಿದೆ.

ಈಗ ಇದು ದಿನದ ಕ್ರಮ. ನಮ್ಮವರು ಸಂಜೆ ಸರಿಯಾದ ಹೊತ್ತಿಗೆ ಮನೆಗೆ ಬರುತ್ತಾರೆ. ನಾನು ಮೂವತ್ತು ವರ್ಷ ಹೇಳಿದರೂ ಆಗದ ಕೆಲಸ ಇದು. ತಾಯಿ ಮಗ ಕಟ್ಟೆಯ ಮುಂದೆ ನಿಂತು ಊರ ಸುದ್ದಿಯೆಲ್ಲ ಮಾತಾಡುತ್ತಾರೆ. ಆ ಹೊತ್ತಿನಲ್ಲಿ ನಾನು ಹಾಲಿನ ಸೋಫಾದ ಮೇಲೆ ಕಾಲು ಚಾಚಿ ಕೂತು, "ಆಯ್ತೇನ್ರೀ?" ಎಂದು ಕೂಗುತ್ತೇನೆ. ಎಂಥಾ ಸುಖ ಅಂತೀರಿ!

ಕಳೆದ ವಾರ ಚೆಕಪ್ಪಿಗೆ ಹೋಗಿದ್ದೆವು. ಡಾಕ್ಟರು ಮಂಡಿ ಮಡಿಸಿ ನೋಡಿ ಖುಷಿಪಟ್ಟರು. "ತುಂಬಾ ಚೆನ್ನಾಗಿದೆ ಅಮ್ಮ. ಬಲಗಾಲಿಂದು ಯಾವಾಗ ಮಾಡೋಣ?"

ಅತ್ತೆ ಮಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಅವಸ್ರ ಇಲ್ಲ ಕಣಪ್ಪ. ಅದಕ್ಕೆ ಏನು ಕೇಳ್ಬೇಕು ಅಂತ ಯೋಚ್ನೆ ಮಾಡ್ತಾ ಇದೀನಿ."

ನಮ್ಮವರ ಮುಖ ಸಣ್ಣದಾಯಿತು. ನಾನು ಮಾತ್ರ ಅವತ್ತಿನಿಂದ ಬೇರೆಯೇ ಲೆಕ್ಕದಲ್ಲಿದ್ದೇನೆ. ಮೆಟ್ಟಿಲು ಹತ್ತುವಾಗ ಸಣ್ಣಗೆ ಕಟಕ್ ಅನ್ನುವ ಮಂಡಿಗಳು ನನಗೂ ಎರಡಿವೆ, ನಾನು ಏನೇನು ಕೇಳಬಹುದು ಹೇಳಿ?